ಇಂಜಿನಿಯರಿಂಗ್ ಸೇರುವ ಮಗಳಿಗೆ ಹಗುರದ ಲ್ಯಾಪ್‌ಟಾಪೋ, ಗೇಮಿಂಗ್ ಲ್ಯಾಪ್‌ಟಾಪೋ?

ಪ್ರಶ್ನೆ: ಮಗಳಿಗೆ ಸಿಇಟಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಹಾಸ್ಟೆಲಿನಲ್ಲಿ ಇರುತ್ತಾಳೆ. ಅಂಗಡಿಯವರು "ನಾಲ್ಕು ವರ್ಷ ಬಾಳಬೇಕು ಅಂದ್ರೆ ಗೇಮಿಂಗ್ ಲ್ಯಾಪ್‌ಟಾಪೇ ತಗೊಳ್ಳಿ ಸಾರ್" ಅಂತಾರೆ. ಅವಳು ಹಗುರದ್ದೇ ಬೇಕು ಅಂತಾಳೆ. ಇರುವ ದುಡ್ಡಿಗೆ ಒಂದೇ ಬರುವುದು. ಯಾವುದು ಸರಿ?

ಉತ್ತರ: ನಿಮ್ಮ ಮಗಳ ಮಾತೇ ಸರಿ. ಸಿವಿಲ್ ಓದುವ, ದಿನವೂ ಬ್ಯಾಗಿನಲ್ಲಿ ಹೊತ್ತು ಓಡಾಡುವ ಹುಡುಗಿಗೆ ಒಂದೂವರೆ ಕಿಲೋ ಆಸುಪಾಸಿನ, 16 ಜಿಬಿ ರ‍್ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಕೊಡಿಸಿ. ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪೇನಲ್ಲ, ಆದರೆ ಅದು ಹೊಂದುವುದು ಬೇರೆ ಥರದ ಓದಿಗೆ. ಕಾರಣ ತಿಳಿದಿದ್ದರೆ ನಾಳೆ ಅವರು ಯಾವ ಮಾಡೆಲ್ ತೋರಿಸಿದರೂ ನೀವೇ ಅಳೆದು ನೋಡಬಹುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲ್ಯಾಪ್‌ಟಾಪಿನ ತೂಕಕ್ಕೂ ವೇಗಕ್ಕೂ ನಂಟು ಕಟ್ಟುವುದು ಬಿಸಿ. ಪ್ರೊಸೆಸರ್ ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಹದಿನೈದು ಇಪ್ಪತ್ತು ವಾಟ್ ಆದರೆ ಒಂದು ಸಣ್ಣ ಫ್ಯಾನ್ ಸಾಕು. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ (ತೆರೆಯ ಮೇಲಿನ ಚಿತ್ರಗಳ ಲೆಕ್ಕಕ್ಕೆಂದೇ ಇರುವ ಬೇರೆ ಚಿಪ್ಪು) ಸೇರಿ ನೂರೈವತ್ತು ವಾಟ್ ಹತ್ತಿರ ಹೋದರೆ ಎರಡು ದೊಡ್ಡ ಫ್ಯಾನು, ತಾಮ್ರದ ಕೊಳವೆಗಳು, ಗಾಳಿಯಾಡಲು ದಪ್ಪ ಮೈ, ಇವೆಲ್ಲ ಬೇಕೇಬೇಕು. ಅಲ್ಲಿಗೆ ತೂಕ ಎರಡೂಕಾಲು, ಎರಡೂವರೆ ಕಿಲೋ. ಅದರ ಚಾರ್ಜರೇ ಮುಕ್ಕಾಲು ಕಿಲೋ ತೂಗಬಹುದು. ಜಾಹೀರಾತಿನಲ್ಲಿ ಈ ಚಾರ್ಜರ್ ತೂಕ ಕಾಣುವುದಿಲ್ಲ, ಬ್ಯಾಗ್ ಹೊರುವ ಹೆಗಲಿಗೆ ಮಾತ್ರ ಗೊತ್ತಾಗುತ್ತದೆ.

ಅದಕ್ಕೇ ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಮೋಸಹೋಗಬಾರದು. ಇಂಟೆಲ್ ಐ7-1355ಯು, ಐ7-13700ಎಚ್ ಎರಡೂ ಒಂದೇ ತಲೆಮಾರಿನ 'ಐ7'ಗಳು. ಮೊದಲನೆಯದರ ಮೂಲ ಮಿತಿ 15 ವಾಟ್, ಕೋರ್‌ಗಳು (ಒಟ್ಟೊಟ್ಟಿಗೆ ಲೆಕ್ಕ ಮಾಡುವ ಘಟಕಗಳು) 10. ಎರಡನೆಯದಕ್ಕೆ 45 ವಾಟ್, ಕೋರ್‌ಗಳು 14. ಕೊನೆಯ ಅಕ್ಷರ ಯು ಇದ್ದರೆ ಹಗುರದ ಯಂತ್ರಕ್ಕೆ, ಎಚ್ ಇದ್ದರೆ ದಪ್ಪದ ಯಂತ್ರಕ್ಕೆ ಅಂತ ಸ್ಥೂಲವಾಗಿ ಹಿಡಿಯಬಹುದು. ಗ್ರಾಫಿಕ್ಸ್ ಕಾರ್ಡಿನ ಕತೆ ಇನ್ನೂ ತೊಡಕಿನದು. ಲ್ಯಾಪ್‌ಟಾಪಿಗೆ ಬರುವ ಆರ್‌ಟಿಎಕ್ಸ್ 4060 ಕಾರ್ಡನ್ನು ಲ್ಯಾಪ್‌ಟಾಪ್ ತಯಾರಕರು 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಕಟ್ಟಿಹಾಕಬಹುದು. ಹೆಸರು ಒಂದೇ, ಕೆಲಸದಲ್ಲಿ ಅಜಗಜಾಂತರ. ವಿವರಪಟ್ಟಿಯಲ್ಲಿ 'ಟಿಜಿಪಿ' ಎಂಬ ಅಂಕಿ, ಅಂದರೆ ಕಾರ್ಡಿಗೆ ಬಿಟ್ಟುಕೊಟ್ಟಿರುವ ವಾಟ್ ಮಿತಿ, ಎಷ್ಟಿದೆ ಎಂದು ಕೇಳದೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯಬೇಡಿ.

ಹಾಗಾದರೆ ಹಗುರದ್ದು ನಿಧಾನವೇ? ಇಲ್ಲಿ ಕೆಲಸದ ಸ್ವಭಾವ ನೋಡಬೇಕು. ಆಪಲ್ 2020ರಲ್ಲಿ ಎಂ1 ಎಂಬ ಒಂದೇ ಚಿಪ್ಪನ್ನು ಮ್ಯಾಕ್‌ಬುಕ್ ಏರ್‌ಗೂ 13 ಇಂಚಿನ ಮ್ಯಾಕ್‌ಬುಕ್ ಪ್ರೋಗೂ ಹಾಕಿತು. ಏರ್‌ಗೆ ಫ್ಯಾನ್ ಇಲ್ಲ, ಪ್ರೋಗೆ ಇದೆ. ಫೈಲ್ ತೆರೆಯುವುದು, ಫೋಟೊ ತಿದ್ದುವುದು, ನಾಲ್ಕಾರು ನಿಮಿಷದ ಕೆಲಸಗಳಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ವೇಗ. ಉದ್ದದ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಏರ್ ಬಿಸಿಯಾಗಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಪ್ರೋ ಅದೇ ಜೋರಿನಲ್ಲಿ ಸಾಗುತ್ತದೆ. ಹಗುರದ ವಿಂಡೋಸ್ ಯಂತ್ರಗಳದ್ದೂ ಇದೇ ಗುಣ. ಮೇಲೆ ಹೇಳಿದ 15 ವಾಟ್‌ನ ಚಿಪ್ಪು ಸ್ವಲ್ಪ ಹೊತ್ತಿನ ಮಟ್ಟಿಗೆ 55 ವಾಟ್‌ವರೆಗೆ ಏರಬಲ್ಲದು. ಆಮೇಲೆ ಇಳಿಯಲೇಬೇಕು. ಅಂದರೆ ಕೇಳಿಕೊಳ್ಳಬೇಕಾದ್ದು ಇಷ್ಟು: ನಿಮ್ಮ ಮಗಳ ಕೆಲಸ ಸ್ವಲ್ಪ ಸ್ವಲ್ಪ ಹೊತ್ತಿನದೋ, ಗಂಟೆಗಟ್ಟಲೆ ಎಡೆಬಿಡದೆ ಓಡಬೇಕಾದದ್ದೋ?

ಸಿವಿಲ್‌ನಲ್ಲಿ ಬಹುಪಾಲು ಮೊದಲನೆಯದೇ. ಆಟೋಕ್ಯಾಡ್‌ನಲ್ಲಿ ಮನೆಯ ಪ್ಲಾನ್ ಬರೆಯುವಾಗ ಯಂತ್ರಕ್ಕಿಂತ ಹೆಚ್ಚು ಹೊತ್ತು ಯೋಚಿಸುವುದು ಮನುಷ್ಯರು, ಎಳೆದ ಗೆರೆ ತೆರೆಯ ಮೇಲೆ ಮೂಡಲು ಹತ್ತಾರು ಕೋರ್ ಬೇಕಿಲ್ಲ. ಸ್ಟಾಡ್ ಪ್ರೋ, ಈಟ್ಯಾಬ್ಸ್‌ನಲ್ಲಿ ವಿದ್ಯಾರ್ಥಿಗಳು ಮಾಡುವಂಥ ಕೆಲವು ಮಹಡಿಗಳ ಕಟ್ಟಡದ ಲೆಕ್ಕಾಚಾರಕ್ಕೂ ಹಗುರದ ಯಂತ್ರ ಸಾಕಾಗುತ್ತದೆ. ಕಟ್ಟಡದ ಮೂರು ಆಯಾಮದ ಮಾದರಿ ಕಟ್ಟುವ ರೆವಿಟ್ ಸ್ವಲ್ಪ ಭಾರದ ತಂತ್ರಾಂಶ ನಿಜ, ಅದು ಮೊದಲು ಕೇಳುವುದು ರ‍್ಯಾಮ್. ಅದಕ್ಕೇ 16 ಜಿಬಿ ಎಂದೆ, 8ಕ್ಕೆ ಒಪ್ಪಬೇಡಿ. ತೆಳು ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದು ಹೆಚ್ಚು, ಆಮೇಲೆ ಸೇರಿಸಲು ಬರುವುದಿಲ್ಲ. ಖಾಲಿ ಸ್ಲಾಟ್ ಇರುವ ಮಾಡೆಲ್ ಸಿಕ್ಕರೆ ತುಸು ತೂಕ ಜಾಸ್ತಿಯಾದರೂ ಅದನ್ನೇ ಆರಿಸಿ.

ಇನ್ನೊಂದು ಎಚ್ಚರಿಕೆ. ಹಗುರ, ಬ್ಯಾಟರಿ ಚೆನ್ನಾಗಿ ಬರುತ್ತದೆ ಎಂದು ಮ್ಯಾಕ್‌ಬುಕ್ ಕಡೆಗೋ, ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಯಂತ್ರದ ಕಡೆಗೋ ಮನಸ್ಸು ಹೋಗಬಹುದು. ಬೇರೆಯವರಿಗೆ ಅವು ಬಹಳ ಒಳ್ಳೆಯ ಯಂತ್ರಗಳು. ಆದರೆ ರೆವಿಟ್, ಈಟ್ಯಾಬ್ಸ್, ಸ್ಟಾಡ್ ಮೂರೂ ವಿಂಡೋಸ್‌ಗೆ ಮಾಡಿದಂಥವು, ಮ್ಯಾಕ್‌ಗೆ ಇಲ್ಲ. ಸ್ನ್ಯಾಪ್‌ಡ್ರ್ಯಾಗನ್ ಬೇರೆ ಜಾತಿಯ ಚಿಪ್ಪು, ಅದರಲ್ಲಿ ಅವು ಸಲೀಸಾಗಿ ಓಡುತ್ತವೆಂಬ ಭರವಸೆ ಇಟ್ಟುಕೊಳ್ಳಬೇಡಿ. ಇಂಟೆಲ್ ಅಥವಾ ಎಎಂಡಿ ಇರಲಿ.

ಬ್ಯಾಟರಿಯ ಲೆಕ್ಕ ನಿಮಗೇ ಮಾಡಲು ಬರುತ್ತದೆ. ಬ್ಯಾಟರಿ 60 ವಾಟ್-ಅವರ್ ಎಂದಿಟ್ಟುಕೊಳ್ಳಿ. ನೋಟ್ಸ್ ಬರೆಯುವಾಗ, ಪಿಡಿಎಫ್ ಓದುವಾಗ ಹಗುರದ ಯಂತ್ರ ಏಳೆಂಟು ವಾಟ್ ತಿಂದರೆ ಏಳೂವರೆಯಿಂದ ಎಂಟೂವರೆ ಗಂಟೆ. ಅದೇ ಕೆಲಸಕ್ಕೆ ಗೇಮಿಂಗ್ ಯಂತ್ರ 15 ವಾಟ್ ತಿಂದರೆ ನಾಲ್ಕು ಗಂಟೆ. ಅದನ್ನು ಜೋರಾಗಿ ದುಡಿಸಿ 80 ವಾಟ್‌ಗೆ ಏರಿಸಿದರೆ ಮುಕ್ಕಾಲು ಗಂಟೆಗೆ ಖಾಲಿ. ಪ್ಲಗ್ ಕಿತ್ತ ಕೂಡಲೇ ಅಂಥ ಯಂತ್ರಗಳು ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನು ತಗ್ಗಿಸಿಬಿಡುತ್ತವೆ ಕೂಡ. ಅಂದರೆ ಆ ದುಬಾರಿ ವೇಗ ಸಿಗುವುದು ಗೋಡೆಯ ಪಕ್ಕದಲ್ಲಿ ಕೂತಾಗ ಮಾತ್ರ. ತರಗತಿಯಲ್ಲಿ ಪ್ರತಿ ಬೆಂಚಿಗೂ ಪ್ಲಗ್ ಎಲ್ಲಿರುತ್ತದೆ? ಸಿವಿಲ್‌ನವರಿಗೆ ಸರ್ವೆ ಕ್ಯಾಂಪ್ ಬೇರೆ ಇರುತ್ತದೆ. ಹಗಲೆಲ್ಲ ಬಿಸಿಲಲ್ಲಿ ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣ ಹಿಡಿದು ಅಳತೆ ತೆಗೆದು, ಸಂಜೆ ಉಳಿದುಕೊಂಡ ಊರಿನಲ್ಲಿ ಆ ಅಂಕಿಗಳನ್ನೆಲ್ಲ ಲ್ಯಾಪ್‌ಟಾಪಿಗೆ ಏರಿಸಿ ನಕ್ಷೆ ಮಾಡಬೇಕು. ಅಲ್ಲಿ ಕರೆಂಟು ಕೈಕೊಟ್ಟರೂ ಕೈಬಿಡದ ಯಂತ್ರ ಬೇಕು. ಟೈಪ್-ಸಿ ಚಾರ್ಜಿಂಗ್ ಇರುವುದನ್ನೇ ಕೊಳ್ಳಿ, ಚಾರ್ಜರ್ ಮರೆತು ಹೋದ ದಿನ ಪಕ್ಕದವಳ 65 ವಾಟ್ ಚಾರ್ಜರ್‌ನಲ್ಲೇ ಕೆಲಸ ಸಾಗುತ್ತದೆ.

ಇದೇ ಪ್ರಶ್ನೆಯನ್ನು ಆರ್ಕಿಟೆಕ್ಚರ್ ಸೇರುವವರ ಮನೆಯವರು ಕೇಳಿದ್ದರೆ ನನ್ನ ಉತ್ತರ ತಿರುಗುತ್ತಿತ್ತು. ಲ್ಯುಮಿಯಾನ್‌ನಂಥ ತಂತ್ರಾಂಶದಲ್ಲಿ ಕಟ್ಟಡದ ನೈಜ ಚಿತ್ರ ತೆಗೆಯಲು ಗಟ್ಟಿ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗುವುದೇ ಇಲ್ಲ, ಸಬ್‌ಮಿಶನ್ ಹಿಂದಿನ ರಾತ್ರಿಯೆಲ್ಲ ಯಂತ್ರ ಓಡಬೇಕು. ಅವರು ಭಾರ ಹೊರಲೇಬೇಕು. ಎಐ ಕಲಿಯುವ ಕಂಪ್ಯೂಟರ್ ಸೈನ್ಸ್‌ನವರಿಗೆ ಅಷ್ಟು ಕಡ್ಡಾಯವಿಲ್ಲ, ಕಲಿಕೆಯ ಮಟ್ಟಕ್ಕೆ ಇಂಟರ್ನೆಟ್‌ನಲ್ಲೇ ಪ್ರೋಗ್ರಾಂ ಓಡಿಸಲು ಬಿಡುವ ಗೂಗಲ್ ಕೊಲ್ಯಾಬ್‌ನಲ್ಲಿ ಬಿಟ್ಟಿ ಸಿಗುವ ಗ್ರಾಫಿಕ್ಸ್ ಶಕ್ತಿಯೇ ಬಹಳ ದೂರ ಕರೆದೊಯ್ಯುತ್ತದೆ.

ಎರಡೂ ಒಟ್ಟಿಗೆ ಸಿಗುವುದೇ ಇಲ್ಲ ಎಂದಲ್ಲ. ಏಸುಸ್‌ನ ಜೆಫೈರಸ್ ಜಿ14 ಥರದ ಯಂತ್ರ ಒಂದೂವರೆ ಕಿಲೋದಲ್ಲೇ ಒಳ್ಳೆಯ ಗ್ರಾಫಿಕ್ಸ್ ಕೊಡುತ್ತದೆ. ಬೆಲೆ ಮಾತ್ರ ವಿದ್ಯಾರ್ಥಿಗಳಿಗೆ ನಿಲುಕುವಂಥದ್ದಲ್ಲ.

ಕೊಳ್ಳುವ ಮುಂಚೆ ಅದೇ ಕಾಲೇಜಿನ, ಅದೇ ವಿಭಾಗದ ಮೂರನೇ ವರ್ಷದವರನ್ನು ಯಾವ ತಂತ್ರಾಂಶ ಬಳಸುತ್ತೀರಿ, ಲ್ಯಾಬ್ ಕಂಪ್ಯೂಟರ್‌ಗಳು ಹೇಗಿವೆ ಎಂದು ಮಗಳು ವಿಚಾರಿಸಲಿ. ಲ್ಯಾಬ್ ಚೆನ್ನಾಗಿದ್ದರೆ ಭಾರದ ಕೆಲಸ ಅಲ್ಲೇ ಮುಗಿಯುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೆಚ್ಚಿನ ಶಕ್ತಿ ಬೇಕೇಬೇಕು ಅನ್ನಿಸಿದರೆ, ಈಗ ಉಳಿಸಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಆಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮನೆಗೊಂದು ಡೆಸ್ಕ್‌ಟಾಪ್ ಜೋಡಿಸಿಕೊಳ್ಳಬಹುದು. ಅಷ್ಟೇ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪಿಗಿಂತ ಅದು ಜೋರಾಗಿಯೂ ಓಡುತ್ತದೆ, ಕೆಟ್ಟರೆ ಬಿಡಿಭಾಗ ಬದಲಿಸುವುದೂ ಸುಲಭ.