ಶಕ್ತಿ ಸಂರಕ್ಷಣೆ: ಸೂತ್ರ ಆಮೇಲೆ, ಮೊದಲು ಗೆರೆ ಎಳೀರಿ

ಶಕ್ತೀನ ಹುಟ್ಟಿಸೋಕಾಗಲ್ಲ, ನಾಶ ಮಾಡೋಕಾಗಲ್ಲ, ರೂಪ ಬದಲಾಗತ್ತೆ ಅಷ್ಟೇ. ಈ ಸಾಲು ಬಾಯಿಪಾಠ ಇಲ್ಲದ ಸ್ಟೂಡೆಂಟ್ ನಂಗಿನ್ನೂ ಸಿಕ್ಕಿಲ್ಲ. ಆದ್ರೆ ಅದೇ ಹುಡುಗರಿಗೆ ಒಂದು ಕಲ್ಲು ಬೀಳೋ ಲೆಕ್ಕ ಕೊಟ್ಟು ನೋಡಿ, ಎಷ್ಟೋ ಉತ್ತರಗಳಲ್ಲಿ ಶಕ್ತಿ ಹುಟ್ಟಿಬಿಟ್ಟಿರತ್ತೆ!

2 ಕೆಜಿ ಕಲ್ಲು, 5 ಮೀಟರ್ ಮೇಲಿಂದ ಬಿಡ್ತೀವಿ, ಜಿ (ಗುರುತ್ವದ ವೇಗೋತ್ಕರ್ಷ) ಬೆಲೆ 10 ಅಂತಿಟ್ಕೊಳ್ಳಿ. ಹುಡುಗರು ಬರೆಯೋದು ಹೀಗೆ: ಗುರುತ್ವ ಮಾಡಿದ ಕೆಲಸ 100 ಜೂಲ್, ಜೊತೆಗೆ ಪ್ರಚ್ಛನ್ನ ಶಕ್ತಿ (ಎತ್ತರದಲ್ಲಿದ್ದಿದ್ದಕ್ಕೆ ಕೂಡಿಟ್ಟ ಶಕ್ತಿ) 100 ಜೂಲ್ ಕಮ್ಮಿ ಆಯ್ತು, ಎರಡೂ ಸೇರಿ ಚಲನಶಕ್ತಿ 200 ಜೂಲ್, ವೇಗ ಸೆಕೆಂಡಿಗೆ ಸುಮಾರು 14 ಮೀಟರ್. ಸರಿಯುತ್ತರ 10. ಸೂತ್ರ ಎರಡೂ ಸರಿ, ಗುಣಾಕಾರನೂ ಸರಿ, ತಪ್ಪಾಗಿರೋದು ಯಾವುದರ ಲೆಕ್ಕ ಬರೀತಿದೀವಿ ಅಂತ ಮೊದಲೇ ತೀರ್ಮಾನ ಮಾಡದೇ ಇದ್ದಿದ್ದು.

ಯಾವುದರ ಲೆಕ್ಕ ಬರೀತೀವೋ ಅದು ಸಿಸ್ಟಮ್. ಬರೀ ಕಲ್ಲೇ ನಿಮ್ಮ ಸಿಸ್ಟಮ್ ಅಂದ್ರೆ ಭೂಮಿ ಹೊರಗಿನದು, ಅದರ ಎಳೆತ ಹೊರಗಿನ ಬಲ, ಅದು ಮಾಡಿದ 100 ಜೂಲ್ ಕೆಲಸ ಚಲನಶಕ್ತಿ ಆಯ್ತು, ಇಲ್ಲಿ ಪ್ರಚ್ಛನ್ನ ಶಕ್ತಿ ಅನ್ನೋ ಮಾತೇ ಬರಲ್ಲ. ಕಲ್ಲು ಮತ್ತೆ ಭೂಮಿ ಎರಡೂ ಸೇರಿ ಸಿಸ್ಟಮ್ ಅಂದ್ರೆ ಹೊರಗಿಂದ ಯಾರೂ ಕೆಲಸ ಮಾಡ್ತಿಲ್ಲ, ಒಳಗೇ ಪ್ರಚ್ಛನ್ನ ಶಕ್ತಿ 100 ಕಮ್ಮಿಯಾಗಿ ಚಲನಶಕ್ತಿ 100 ಜಾಸ್ತಿ ಆಯ್ತು. ಎರಡರಲ್ಲಿ ಒಂದು. ಪ್ರಚ್ಛನ್ನ ಶಕ್ತಿ ಕಲ್ಲೊಂದರ ಆಸ್ತಿ ಅಲ್ಲ, ಜೋಡಿಯದ್ದು. 'ಕಲ್ಲಿನ ಪ್ರಚ್ಛನ್ನ ಶಕ್ತಿ' ಅಂತ ಪಠ್ಯಗಳಲ್ಲೇ ಬರೆದಿರ್ತಾರೆ, ಅರ್ಧ ಗೊಂದಲ ಅಲ್ಲಿಂದಲೇ ಶುರು ಅಂತ ನನ್ನ ಅನಿಸಿಕೆ.

ಅದಕ್ಕೇ ನಾನು ಕ್ಲಾಸಲ್ಲಿ ಮೊದಲು ಚಿತ್ರ ಬರೆಸಿ, ಸಿಸ್ಟಮ್ ಸುತ್ತ ಚುಕ್ಕೆ ಗೆರೆ ಎಳೆಸ್ತೀನಿ. ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ, ಗೆರೆ ದಾಟಿ ಕೆಲಸವಾಗಿಯೋ ಶಾಖವಾಗಿಯೋ ಬಂದಿದ್ದು ಎಷ್ಟೋ ಒಳಗಿನ ಒಟ್ಟು ಶಕ್ತಿ ಅಷ್ಟೇ ಬದಲಾಗಬೇಕು. ಏನೂ ದಾಟದೇ ಇದ್ರೆ ಮಾತ್ರ ಒಟ್ಟು ಸ್ಥಿರ. ಅಂದ್ರೆ ಒಂದು ವಸ್ತುವಿನ ಶಕ್ತಿ ಬದಲಾದ್ರೆ ಸಂರಕ್ಷಣೆ ಮುರೀತು ಅಂತಲ್ಲ, ಎಲ್ಲಿಂದಲೋ ಬಂದಿದೆ ಇಲ್ಲಾ ಎಲ್ಲಿಗೋ ಹೋಗಿದೆ.

ಘರ್ಷಣೆ ಬಂದಾಗ ಮಜಾ ಜಾಸ್ತಿ. ಒರಟು ನೆಲದ ಮೇಲೆ ಪೆಟ್ಟಿಗೆಯನ್ನ 20 ನ್ಯೂಟನ್ ಬಲದಿಂದ 3 ಮೀಟರ್ ದೂರ ಒಂದೇ ವೇಗದಲ್ಲಿ ತಳ್ಳಿದ್ರಿ. ಕೈ ಮಾಡಿದ ಕೆಲಸ 60 ಜೂಲ್, ಘರ್ಷಣೆಯದ್ದು ಮೈನಸ್ 60, ಒಟ್ಟು ಸೊನ್ನೆ, ಚಲನಶಕ್ತಿ ಬದಲಾಗಿಲ್ಲ, ಸರಿಹೋಯ್ತು ಅಂತ ಪೆನ್ ಕೆಳಗಿಡ್ತಾರೆ. ಹಾಗಾದ್ರೆ ಪೆಟ್ಟಿಗೆಯ ತಳ ಬಿಸಿಯಾಗಿದ್ದು ಯಾವ ಶಕ್ತಿಯಿಂದ? ಆ ಲೆಕ್ಕ ಚಲನಶಕ್ತಿಗೆ ಸರಿ, ಪೆಟ್ಟಿಗೆಯ ಪೂರ್ತಿ ಶಕ್ತಿಗೆ ಸಾಲಲ್ಲ. ಗೆರೆಯನ್ನ ಪೆಟ್ಟಿಗೆ ಮತ್ತೆ ನೆಲ ಎರಡರ ಸುತ್ತಲೂ ಎಳೀರಿ, ಕೈಯಿಂದ 60 ಒಳಗೆ ಬಂತು, 60 ಜೂಲ್ ಉಷ್ಣವಾಗಿ ಎರಡರಲ್ಲೂ ಹಂಚಿಹೋಯ್ತು. ಯಾರಿಗೆಷ್ಟು ಅನ್ನೋದು ಮೈಗೆ ಮೈ ಉಜ್ಜೋ ಜಾಗದ ವಿಷಯ, ಈ ಲೆಕ್ಕಕ್ಕೆ ಬೇಕಾಗಿಲ್ಲ. ಅಷ್ಟೂ ಶಕ್ತಿ 100 ಗ್ರಾಂ ನೀರಿಗೆ ಹೋದ್ರೂ ತಾಪ ಏರೋದು ಬರೀ 0.14 ಡಿಗ್ರಿ, ಅದಕ್ಕೇ ಕಣ್ತಪ್ಪಿ ಹೋಗತ್ತೆ. 1840ರ ದಶಕದಲ್ಲಿ ಜೇಮ್ಸ್ ಜೂಲ್ ಅನ್ನೋ ವಿಜ್ಞಾನಿ ಬೀಳೋ ತೂಕಗಳಿಂದ ನೀರಲ್ಲಿ ರೆಕ್ಕೆ ತಿರುಗಿಸಿ ಅಳೆದಿದ್ದು ಇಂಥ ಚಿಕ್ಕ ಏರಿಕೆಯನ್ನೇ, ಒಂದು ಕ್ಯಾಲರಿಗೆ ಸುಮಾರು 4.2 ಜೂಲ್ ಅನ್ನೋ ಸಂಬಂಧಕ್ಕೆ ಆಧಾರ ಆಗಿದ್ದು ಆ ಥರದ ಪ್ರಯೋಗಗಳು.

ಲೆಕ್ಕ ತಾಳೆ ಆಗದೇ ಇದ್ದಾಗ ದೊಡ್ಡವರೂ ತಡಬಡಾಯಿಸಿದಾರೆ. ಬೀಟಾ ಕ್ಷಯದಲ್ಲಿ, ಅಂದ್ರೆ ಪರಮಾಣುವಿನ ನ್ಯೂಕ್ಲಿಯಸ್ ಎಲೆಕ್ಟ್ರಾನ್ ಹೊರಹಾಕಿ ಬದಲಾಗೋವಾಗ, ಎಲೆಕ್ಟ್ರಾನ್ ಪ್ರತಿ ಸಲ ಒಂದೇ ಶಕ್ತಿ ತರೋ ಬದಲು ಬೇರೆ ಬೇರೆ ಶಕ್ತಿ ಹೊತ್ತು ಬರ್ತಿತ್ತು, ಭೌತವಿಜ್ಞಾನಿ ನೀಲ್ಸ್ ಬೋರ್ ಅಂತೂ ಇಲ್ಲಿ ಸಂರಕ್ಷಣೆ ಸರಾಸರಿಯಲ್ಲಷ್ಟೇ ನಿಜ ಇರಬಹುದು ಅಂದ್ರು. 1930ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಪೌಲಿ, ಇಲ್ಲ, ಕಾಣದ ಕಣ ಒಂದು ಉಳಿದ ಶಕ್ತಿ ಹೊತ್ಕೊಂಡು ಹೋಗ್ತಿದೆ ಅಂತ ಹೇಳಿದ್ರು, ಆ ನ್ಯೂಟ್ರಿನೊ ಸಿಕ್ಕಿದ್ದು 1956ರಲ್ಲಿ.

ಇನ್ನೊಂದು, ಪ್ರತಿ ಬ್ಯಾಚಲ್ಲೂ ಜಗಳ ಆಗೋ ಪ್ರಶ್ನೆ. ಸ್ಕೇಟ್ ಹಾಕ್ಕೊಂಡವನು ಗೋಡೆ ತಳ್ಳಿ ಹಿಂದಕ್ಕೆ ಜಾರ್ತಾನೆ, ಅವನ ಚಲನಶಕ್ತಿ ಕೊಟ್ಟಿದ್ದು ಯಾರು? ಗೋಡೆ ಅಂತಾರೆ. ಬಲ ಗೋಡೆಯದ್ದೇ, ಅದಿಲ್ಲದೆ ಅವನು ಹೊರಡಲ್ಲ, ಆದ್ರೆ ಕೈ ತಾಗಿದ ಜಾಗ ಸರಿದಿಲ್ಲ ಅಂದ್ಮೇಲೆ ಗೋಡೆ ಕೆಲಸ ಮಾಡಿಲ್ಲ, ಗೆರೆ ದಾಟಿ ಒಂದು ಜೂಲೂ ಬಂದಿಲ್ಲ. ಶಕ್ತಿ ಅವನ ಸ್ನಾಯುಗಳ ರಾಸಾಯನಿಕ ಶಕ್ತಿಯಿಂದ ಬಂದಿದ್ದು. ಕಾರೂ ಹಾಗೇ, ಟೈರ್ ಜಾರದೆ ಉರುಳ್ತಿದ್ರೆ ಮುಂದಕ್ಕೆ ನೂಕೋದು ರಸ್ತೆಯ ಘರ್ಷಣೆ, ಖರ್ಚಾಗೋದು ಪೆಟ್ರೋಲ್.