ಸ, ಪ ಜಾರಿದಾಗ ಖಳನಾಯಕ ಬರುತ್ತಾನೆ

ಶಂಕರಾಭರಣದ ಸ್ವರಗಳಲ್ಲಿ ಇದನ್ನೊಮ್ಮೆ ಹಾಡಿ ನೋಡಿ. ಮೊದಲು ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಬೇಗಬೇಗ ಮೂರು ಪ. ಆಮೇಲೆ ಎಳೆದು ‘ಸಾ… ಪಾ…’. ತಕ್ಷಣ ‘ಮಗರಿ’ ಅಂತ ಇಳಿದು, ಅಲ್ಲಿಂದ ತಾರ ಷಡ್ಜಕ್ಕೆ, ಅಂದರೆ ಮೇಲಿನ ಸಕ್ಕೆ, ಒಂದೇ ನೆಗೆತ. ಮತ್ತೆ ಪಾ. ‘ಮಗರಿ ಸಾ ಪಾ’ ಇನ್ನೊಂದು ಸಲ. ಕೊನೆಗೆ ‘ಮಗಮ ರೀ’.

ಗೊತ್ತಾಯಿತಾ? ಕಪ್ಪು ಆಕಾಶ, ಕೆಳಗಿನಿಂದ ಮೇಲಕ್ಕೆ ಸರಿದು ದೂರದಲ್ಲಿ ಕರಗುವ ಹಳದಿ ಅಕ್ಷರಗಳು. ‘ಸ್ಟಾರ್ ವಾರ್ಸ್’.

ಶಂಕರಾಭರಣ ಅಂದದ್ದು ಸ್ವರಸ್ಥಾನ ಹೇಳುವುದಕ್ಕೆ ಮಾತ್ರ. ಇದರಲ್ಲಿ ಸ್ವರವನ್ನು ಅಲುಗಿಸುವ ಗಮಕವೂ ಇಲ್ಲ, ರಾಗದ ನಡೆಯೂ ಇಲ್ಲ. ಸಂಗೀತದ ಮೇಷ್ಟ್ರುಗಳು ಕ್ಷಮಿಸಬೇಕು. ಆದರೆ ಈ ಚಿತ್ರಸರಣಿಯ ಥೀಮ್‌ಗಳನ್ನು ಸರಿಗಮದಲ್ಲಿ ಬರೆದುಕೊಳ್ಳುವುದು ನನ್ನ ಹಳೆಯ ಚಟ. ಹಾಗೆ ಬರೆದುಕೊಂಡಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಲ್ಲಿ ನಾಯಕ ಯಾರು, ಖಳ ಯಾರು ಅನ್ನುವುದು ಹೆಚ್ಚುಕಡಿಮೆ ಸ ಮತ್ತು ಪ ಎಂಬ ಎರಡು ಸ್ವರಗಳ ಮೇಲೆ ನಿಂತಿದೆ.

ಜಾನ್ ವಿಲಿಯಮ್ಸ್ ಬರೆದ ಈ ಸಂಗೀತದ ಧ್ವನಿಮುದ್ರಣ ನಡೆದದ್ದು 1977ರ ಮಾರ್ಚ್‌ನಲ್ಲಿ, ಲಂಡನ್ ಹತ್ತಿರದ ಡೆನ್‌ಹ್ಯಾಮ್‌ನಲ್ಲಿ. ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಮುಖ್ಯ ಟ್ರಂಪೆಟ್ ವಾದಕ ಮಾರಿಸ್ ಮರ್ಫಿಗೆ ಆ ಆರ್ಕೆಸ್ಟ್ರಾದಲ್ಲಿ ಅದೇ ಮೊದಲ ದಿನ. ಕೆಲಸಕ್ಕೆ ಸೇರಿದ ದಿನವೇ ತಾರಸ್ಥಾಯಿಗೆ ನೆಗೆಯುವ ಕೆಲಸ!

ಈ ‘ಸಾ ಪಾ’ ಕೇಳಿದರೆ ಎದೆ ಉಬ್ಬುವುದು ಯಾಕೆ? ಉತ್ತರ ಬಾಗಿಸಿದ ಹಿತ್ತಾಳೆ ಕೊಳವೆಯಲ್ಲಿದೆ. ಟ್ರಂಪೆಟ್ ಬಿಡಿಸಿ ನೇರ ಮಾಡಿದರೆ ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಊದುವವರ ತುಟಿ ಅದುರುತ್ತದೆ, ಒಳಗಿನ ಗಾಳಿ ಅದಕ್ಕೆ ತಾಳ ಹಾಕುತ್ತದೆ. ಆದರೆ ಕೊಳವೆಗೆ ಎಲ್ಲ ಸ್ವರವೂ ಒಗ್ಗುವುದಿಲ್ಲ. ಅದರ ಉದ್ದಕ್ಕೆ ಹೊಂದುವ ಕೆಲವೇ ಕಂಪನಗಳನ್ನು ಅದು ಒಪ್ಪುತ್ತದೆ. ಅವು ಒಂದು ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಹೀಗೆ. ಎರಡನೆಯದನ್ನು ಸ ಅಂದುಕೊಂಡರೆ ಮೂರನೆಯದು ಪ, ನಾಲ್ಕನೆಯದು ಮೇಲಿನ ಸ, ಐದನೆಯದು ಅಂತರ ಗಾಂಧಾರ, ಅಂದರೆ ಎತ್ತರದ ಗ.

ಜಾತ್ರೆಯ ಕೊಂಬನ್ನು ನೆನಪಿಸಿಕೊಳ್ಳಿ. ಅದರಲ್ಲಿ ತೂತಿಲ್ಲ, ಕೀಲಿಲ್ಲ. ಊದುವವನು ತುಟಿ ಬಿಗಿ ಮಾಡಿ, ಸಡಿಲ ಮಾಡಿಯೇ ಸ್ವರ ಬದಲಿಸಬೇಕು. ಹಾಗಾಗಿ ದೂರ ದೂರದ ಕೆಲವೇ ಸ್ವರ ಸಿಗುತ್ತವೆ. ಯುರೋಪಿನ ಸೇನೆಗಳ ಟ್ರಂಪೆಟ್ಟೂ ಶತಮಾನಗಳ ಕಾಲ ಹೀಗೇ ಇತ್ತು. ಬೆರಳಲ್ಲಿ ಒತ್ತಿ ಕೊಳವೆಯ ಉದ್ದ ಬದಲಿಸುವ ವಾಲ್ವ್ ಬಂದದ್ದು 1810ರ ದಶಕದಲ್ಲಿ. ಅಲ್ಲಿಯವರೆಗೆ ರಾಜ ಬಂದರೂ, ಯುದ್ಧ ಶುರುವಾದರೂ ಕೇಳುತ್ತಿದ್ದದ್ದು ಇದೇ ನೆಗೆತ. ಕಿವಿಗೆ ಅದು ‘ಯಾರೋ ದೊಡ್ಡವರು ಬಂದರು’ ಅನ್ನುವ ಸೂಚನೆಯಾಗಿ ಕೂತುಬಿಟ್ಟಿತು. ವಿಲಿಯಮ್ಸ್ ಥೀಮ್‌ನ ಎರಡು ಸ ಮತ್ತು ಪ ವಾಲ್ವ್ ಒತ್ತದೆಯೇ ಬರುತ್ತವೆ. ನಡುವಿನ ‘ಮಗರಿ’ಯಲ್ಲಿ ಮ, ರಿಗಳಿಗೆ ವಾಲ್ವ್ ಒತ್ತುವುದು ರೂಢಿ. ಹಳೆಯ ಕಹಳೆಯ ಎಲುಬಿನ ಮೇಲೆ ಹೊಸ ಮಾಂಸ ಅನ್ನಿ.

ಲೆಕ್ಕವೂ ಸರಳ. ಇಲ್ಲಿನ ಸ ಸೆಕೆಂಡಿಗೆ ಸುಮಾರು 466 ಕಂಪನ, ಪ ಸುಮಾರು 698. ಎರಡಕ್ಕೆ ಮೂರು. ನಮ್ಮ ತಂಬೂರಿ ಮೀಟುವುದೂ ಇದೇ ಅನುಪಾತವನ್ನು. ತಂಬೂರಿ ಚೆನ್ನಾಗಿ ಶ್ರುತಿಗೂಡಿದಾಗ ಯಾರೂ ಮೀಟದ ಗಾಂಧಾರ ಕೇಳಿಸುತ್ತದಲ್ಲ, ಅದು ಟ್ರಂಪೆಟ್ಟಿನ ಆ ಐದನೆಯ ಸ್ವರವೇ. ತಂತಿಗೂ ಕೊಳವೆಗೂ ಒಂದೇ ಗಣಿತ.

ಆ 466ರ ಸ್ವರಕ್ಕೆ ಪಾಶ್ಚಾತ್ಯರು ಬಿ-ಫ್ಲಾಟ್ ಅನ್ನುತ್ತಾರೆ. ಅದರಲ್ಲೊಂದು ತಮಾಷೆಯಿದೆ. ನಿರ್ವಾತದಲ್ಲಿ ಸದ್ದು ಸಾಗದು, ಅಂತರಿಕ್ಷದಲ್ಲಿ ಯುದ್ಧವಾದರೆ ಏನೂ ಕೇಳಿಸದು ಅಂತ ನಾವೆಲ್ಲ ಈ ಸಿನಿಮಾಗಳನ್ನು ಆಡಿಕೊಂಡವರೇ. ಆದರೆ ಗ್ಯಾಲಕ್ಸಿಗಳ ದೊಡ್ಡ ಗುಂಪುಗಳ ಒಳಗೆ ತೆಳುವಾದ, ಕೋಟಿಗಟ್ಟಲೆ ಡಿಗ್ರಿ ಬಿಸಿಯಾದ ಅನಿಲ ತುಂಬಿರುತ್ತದೆ. 2003ರಲ್ಲಿ ನಾಸಾದ ಚಂದ್ರಾ ಎಕ್ಸ್-ರೇ ದೂರದರ್ಶಕ ಪರ್ಸಿಯಸ್ ಗುಂಪಿನ ಅನಿಲದಲ್ಲಿ ಒತ್ತಡದ ಅಲೆಗಳನ್ನು ತೋರಿಸಿತು. ಅವನ್ನು ಎಬ್ಬಿಸುತ್ತಿದ್ದದ್ದು ನಡುವಿನ ಕಪ್ಪುಕುಳಿ. ಒಂದು ಕಂಪನ ಮುಗಿಯಲು ಸುಮಾರು ಒಂದು ಕೋಟಿ ವರ್ಷ. ಸ್ವರ ಯಾವುದು ಅಂತ ಲೆಕ್ಕ ಹಾಕಿದರೆ ಬಂದದ್ದು ಬಿ-ಫ್ಲಾಟ್. ಪಿಯಾನೋದ ನಡುಮಧ್ಯದ ಸ್ವರಕ್ಕಿಂತ 57 ಸ್ಥಾಯಿ ಕೆಳಗೆ. ಸುಮ್ನೆ ಕಾಕತಾಳೀಯ, ನಿಜ. ಆದರೂ ಖುಷಿಯಾಗುತ್ತೆ, ಅಲ್ವಾ?

ಮುಂದಿನದು ನನ್ನ ಅತಿ ಪ್ರೀತಿಯ ಥೀಮ್. ಮರುಭೂಮಿಯ ಗ್ರಹದಲ್ಲಿ ಎರಡು ಸೂರ್ಯ ಮುಳುಗುತ್ತಿವೆ, ಹುಡುಗ ಲ್ಯೂಕ್ ಸುಮ್ಮನೆ ನಿಂತು ನೋಡುತ್ತಿದ್ದಾನೆ. ಇಲ್ಲಿಯೂ ಪ ಮತ್ತು ಸ ಇವೆ, ಆದರೆ ತಿರುಗುಮುರುಗು. ಕೆಳಗಿನ ಪದಿಂದ ಸಕ್ಕೆ ಏರಿ, ರಿ ಮುಟ್ಟಿ, ಸಾಧಾರಣ ಗಾಂಧಾರದ ಕಡೆಗೆ ಹೋಗುತ್ತದೆ. ಗಾಂಧಾರ ಅರ್ಧ ಮೆಟ್ಟಿಲು ಕೆಳಗಿಳಿದದ್ದಕ್ಕೇ ಬಣ್ಣ ಬದಲಾಗಿದೆ. ವಾದ್ಯ ಫ್ರೆಂಚ್ ಹಾರ್ನ್. ಸುರುಳಿ ಬಿಡಿಸಿದರೆ ಮೂರೂವರೆ ಮೀಟರಿಗೂ ಜಾಸ್ತಿ ಉದ್ದ. ಅದರ ಬಾಯಿ ಕೇಳುಗರ ಕಡೆಗಲ್ಲ, ಹಿಂದಕ್ಕೆ ತಿರುಗಿರುತ್ತದೆ. ವಾದಕ ಒಂದು ಕೈಯನ್ನೂ ಅದರೊಳಗೆ ಇಟ್ಟಿರುತ್ತಾನೆ. ಹಾಗಾಗಿ ಚುಚ್ಚುವ ಮೇಲಿನ ಕಂಪನಗಳು ಮೆತ್ತಗಾಗಿ, ಸದ್ದು ಗೋಡೆಗೆ ತಾಗಿ ಸುತ್ತಿಕೊಂಡು ನಮ್ಮ ಕಿವಿಗೆ ಬರುತ್ತದೆ. ದೂರದಿಂದ ಯಾರೋ ಕರೆದಂತೆ. ಹುಡುಗ ದೂರ ಹೋಗಬೇಕು ಅಂತ ಒದ್ದಾಡುತ್ತಿದ್ದಾನೆ ಅನ್ನುವುದನ್ನು ಒಂದೂ ಮಾತಿಲ್ಲದೆ ಹೇಳಲು ಇದಕ್ಕಿಂತ ಒಳ್ಳೆಯ ವಾದ್ಯ ಸಿಗುತ್ತಿರಲಿಲ್ಲ.

ಹಾರ್ನ್ ಮುಗಿದು ತಂತಿವಾದ್ಯಗಳೆಲ್ಲ ಒಟ್ಟಿಗೆ ಎದ್ದಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಏನು ಬರಲಿದೆ ಅಂತ ಚೆನ್ನಾಗಿ ಗೊತ್ತಿದ್ದರೂ! ಗೊತ್ತಿರುವುದರಿಂದಲೇ ಅಂತಲೂ ಹೇಳಬಹುದು. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ, ತಮ್ಮ ಇಷ್ಟದ ಸಂಗೀತ ಕೇಳುತ್ತಿದ್ದವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಮೈ ಜುಮ್ಮೆನ್ನುವ ಕ್ಷಣದಲ್ಲಿ, ಖುಷಿಗೆ ಸಂಬಂಧಿಸಿದ ರಾಸಾಯನಿಕವಾದ ಡೋಪಮೈನ್ ಬಿಡುಗಡೆಯಾಗುತ್ತಿತ್ತು. ಆದರೆ ಅದಕ್ಕೂ ಸ್ವಲ್ಪ ಮುಂಚೆಯೇ, ಮಿದುಳಿನ ಬೇರೊಂದು ಭಾಗದಲ್ಲಿ, ಕಾಯುವ ಹೊತ್ತಿನಲ್ಲೂ ಡೋಪಮೈನ್ ಬರುತ್ತಿತ್ತು. ಅಂದರೆ ಕಾಯುವುದೇ ಅರ್ಧ ಸುಖ.

1999ರ ಚಿತ್ರದ ಕತ್ತಿಕಾಳಗದ ಹಾಡಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅದನ್ನು ಮೊದಲು ಕೇಳಿದಾಗ ‘ಇದು ಯಾವುದೋ ಗೊತ್ತಿರುವ ಭಾಷೆ’ ಅನ್ನಿಸಿತ್ತು. ಹೌದು, ಸಂಸ್ಕೃತ! ಮರಗಳ ಯುದ್ಧದ ಬಗೆಗಿನ ಹಳೆಯ ವೆಲ್ಷ್ ಕವಿತೆಯೊಂದರ ಎರಡು ಸಾಲಿನ ಇಂಗ್ಲಿಷ್ ಅನುವಾದವನ್ನು ವಿಲಿಯಮ್ಸ್ ಸಂಸ್ಕೃತಕ್ಕೆ ಭಾಷಾಂತರ ಮಾಡಿಸಿದರು. ಆಮೇಲೆ ಆ ಪದಗಳನ್ನು ವಾಕ್ಯದ ಹಂಗಿಲ್ಲದೆ ಹರಡಿಕೊಂಡರು. ಹಾಗಾಗಿ ಎಷ್ಟು ಸಂಸ್ಕೃತ ಓದಿದ್ದರೂ ಅರ್ಥ ಹಿಡಿಯುವುದು ಕಷ್ಟ. ‘ಘೋರ’ದ ಹಾಗೆ ಕೇಳುವ ಒಂದು ಪದ ಮಾತ್ರ ನನ್ನ ಕೈಗೆ ಸಿಕ್ಕಿದೆ. ಅವರಿಗೆ ಬೇಕಾಗಿದ್ದದ್ದು ಸ್ವರಾಕ್ಷರಗಳ ನಾದ. ಬಾಯಿ ಅಗಲವಾಗಿ ತೆರೆಯುವ ‘ಆ’ಕಾರದಲ್ಲಿ ಧ್ವನಿಯ ಶಕ್ತಿ ಹೆಚ್ಚು ಹೊರಗೆ ಬರುತ್ತದೆ. ‘ಈ’, ‘ಊ’ಗಳಲ್ಲಿ ಬಾಯಿ ಕಿರಿದು. ಆರ್ಕೆಸ್ಟ್ರಾದ ಅಬ್ಬರವನ್ನು ದಾಟಿ ಕೇಳಿಸಬೇಕಾದರೆ ‘ಆ’ ಒಳ್ಳೆಯ ಸಾಧನ. ಆಲಾಪನೆ ಮಾಡುವವರು ಅಕಾರ ಸಾಧನೆ ಮಾಡುವುದು ನೋಡಿದವರಿಗೆ ಇದೇನು ಹೊಸದಲ್ಲ.

ಇನ್ನು ಖಳನಾಯಕ. 1977ರ ಮೊದಲ ಚಿತ್ರದಲ್ಲಿ ಡಾರ್ತ್ ವೇಡರ್‌ಗೆ ಈಗ ನಾವೆಲ್ಲ ಗುನುಗುವ ಥೀಮ್ ಇರಲಿಲ್ಲ. ‘ಇಂಪೀರಿಯಲ್ ಮಾರ್ಚ್’ ಎಂಬ, ಸೈನಿಕರ ಕವಾಯತಿನ ನಡಿಗೆಯ ಆ ಥೀಮ್ ಬಂದದ್ದು 1980ರ ಎರಡನೇ ಚಿತ್ರದಲ್ಲಿ. ಸರಿಗಮದಲ್ಲಿ ಬರೆದರೆ ‘ಸಾ ಸಾ ಸಾ, ದ–ಗ ಸಾ, ದ–ಗ ಸಾ’. ದ ಕೆಳಗಿನದು, ಶುದ್ಧ ಧೈವತ. ಗ ಸಾಧಾರಣ ಗಾಂಧಾರ. ಇಷ್ಟರಲ್ಲಿ ಅಷ್ಟೇನೂ ಭಯವಿಲ್ಲ. ಭಯ ಇರುವುದು ಅಡಿಯಲ್ಲಿ, ಜೊತೆಯಾಗಿ ನುಡಿಯುವ ಸ್ವರಗಳಲ್ಲಿ.

ಮೊದಲ ಮೂರು ‘ಸಾ’ಗಳ ಅಡಿ ಸ, ಗ, ಪ ಒಟ್ಟಿಗೆ ನುಡಿಯುತ್ತವೆ. ಮುಂದಿನ ‘ದ’ಕ್ಕೆ ಬಂದಾಗ ಗ ಅಲ್ಲೇ ಇರುತ್ತದೆ. ಆದರೆ ಸ ಅರ್ಧ ಮೆಟ್ಟಿಲು ಕೆಳಗೆ ಜಾರಿ ಕಾಕಲಿ ನಿಷಾದವಾಗುತ್ತದೆ. ಪ ಅರ್ಧ ಮೆಟ್ಟಿಲು ಮೇಲೆ ಸರಿದು ಧೈವತವಾಗುತ್ತದೆ. ಇದನ್ನು ಹಾಳೆಯ ಮೇಲೆ ಬರೆದುಕೊಂಡ ದಿನ ನನಗೆ ಸಣ್ಣಗೆ ಬೆವರಿತು. ಸ ಮತ್ತು ಪ ನಮ್ಮಲ್ಲಿ ಅಚಲ ಸ್ವರಗಳು. ರಿ, ಗ, ಮ, ದ, ನಿ ಏನಾದರೂ ಆಗಲಿ, ಇವೆರಡು ಕದಲಬಾರದು. ತಂಬೂರಿ ಇರುವುದೇ ಅದಕ್ಕೆ. ಈ ಮಾರ್ಚ್ ಕದಲಿಸುವುದು ಆ ಎರಡನ್ನೇ, ಅದೂ ವಿರುದ್ಧ ದಿಕ್ಕಿಗೆ. ಮರುಕ್ಷಣ ಏನೂ ಆಗದವನಂತೆ ಸ್ವಸ್ಥಾನಕ್ಕೆ ತಂದು ನಿಲ್ಲಿಸುತ್ತದೆ. ನಾಯಕನ ಥೀಮ್ ಯಾವ ನೆಲದ ಮೇಲೆ ನಿಂತಿತ್ತೋ ಆ ನೆಲವೇ ಅಲುಗುತ್ತಿದೆ. ಪಾಶ್ಚಾತ್ಯ ಪಂಡಿತರು ಈ ಜೋಡಿಗೆ ಬೇರೆ ಹೆಸರು ಕೊಟ್ಟು ವಿವರಿಸುತ್ತಾರೆ. ನನ್ನ ಮಟ್ಟಿಗೆ ತಂಬೂರಿಯ ಲೆಕ್ಕವೇ ಸಾಕು.

ಇದರ ಜೊತೆಗೆ ಹಿತ್ತಾಳೆಯ ಸಿಟ್ಟು. ಟ್ರಾಂಬೋನನ್ನು ಮೆತ್ತಗೆ ಊದಿದರೆ ಸದ್ದು ದುಂಡಗಿರುತ್ತದೆ. ಜೋರಾಗಿ ಊದಿದರೆ ದೊಡ್ಡದಾಗುವುದಷ್ಟೇ ಅಲ್ಲ, ಹರಿತವಾಗುತ್ತದೆ. ಕೊಳವೆಯೊಳಗೆ ಒತ್ತಡ ಹೆಚ್ಚಿರುವ ಅಲೆಯ ತುದಿ, ಕಡಿಮೆ ಇರುವ ಭಾಗಕ್ಕಿಂತ ಚೂರು ವೇಗವಾಗಿ ಓಡುತ್ತದೆ. ಉದ್ದದ ಕೊಳವೆಯಲ್ಲಿ ಓಡುತ್ತ ಓಡುತ್ತ ಅಲೆಯ ಮುಂಭಾಗ ಕಡಿದಾಗುತ್ತದೆ, ದಡದ ಹತ್ತಿರ ಬಂದ ಕಡಲಲೆಯ ಹಾಗೆ. 1996ರಲ್ಲಿ ಭೌತವಿಜ್ಞಾನಿಗಳು ಟ್ರಾಂಬೋನಿನಲ್ಲಿ ಪುಟ್ಟ ಆಘಾತ ತರಂಗಗಳೇ ಏಳುತ್ತವೆ ಅಂತ ಅಳೆದು ತೋರಿಸಿದರು. ಶಬ್ದದ ವೇಗ ಮೀರುವ ವಿಮಾನ ಎಬ್ಬಿಸುತ್ತದಲ್ಲ, ಅದೇ ಜಾತಿ. ವೇಡರ್ ಬಂದಾಗ ಕಿವಿ ಸೀಳಿದಂತಾಗುವುದು ಸುಳ್ಳು ಭ್ರಮೆಯಲ್ಲ.

1983ರ ಮೂರನೇ ಚಿತ್ರದಲ್ಲಿ ವೇಡರ್ ಸಾಯುತ್ತಾನೆ. ಅವನ ಗುರುತೇ ಉಸಿರು. ಮುಖವಾಡದೊಳಗಿನ ಆ ಭಾರವಾದ ಉಸಿರಾಟವನ್ನು ಧ್ವನಿ ವಿನ್ಯಾಸಕ ಬೆನ್ ಬರ್ಟ್ ಸ್ಕೂಬಾ ಮುಳುಗುಗಾರರ ಉಪಕರಣದಿಂದ ಮಾಡಿದ್ದರು. ಅವನ ಮಾರ್ಚ್ ಕೂಡ ಉಸಿರಿನದೇ, ಹತ್ತಾರು ಜನ ಶ್ವಾಸಕೋಶ ತುಂಬಿ ಊದುವ ಹಿತ್ತಾಳೆಯದು. ಸಾಯುವ ಹೊತ್ತಿನಲ್ಲೂ ಅದೇ ರಾಗ ಬರುತ್ತದೆ, ಅದೇ ಸ್ವರಗಳು. ಆದರೆ ತೆಳುವಾದ ತಂತಿವಾದ್ಯಗಳಲ್ಲಿ, ಕೊಳಲಿನಲ್ಲಿ, ಮೆಲ್ಲನೆ. ಕೊನೆಯ ಕೆಲವು ಸ್ವರಗಳು ಹಾರ್ಪಿನವು.

ಹಾರ್ಪಿನ ತಂತಿಗೆ ಶಕ್ತಿ ಸಿಗುವುದು ಒಂದೇ ಸಲ, ಬೆರಳು ಮೀಟಿ ಬಿಟ್ಟಾಗ. ಟ್ರಂಪೆಟ್ಟಿನಂತೆ ಉಸಿರು ಇರುವವರೆಗೆ ಸ್ವರವನ್ನು ಹಿಡಿದು ನಿಲ್ಲಿಸಲು ಆಗದು. ಹುಟ್ಟಿದ ಕ್ಷಣದಿಂದಲೇ ಅದು ಇಳಿಯಲು ಶುರುವಾಗಿರುತ್ತದೆ. ಮೇಲಿನ ಕಂಪನಗಳು ಮೊದಲು ಹೋಗುತ್ತವೆ, ಮೂಲಸ್ವರ ಇನ್ನೊಂದಿಷ್ಟು ಹೊತ್ತು ಉಳಿದು ಆರಿಹೋಗುತ್ತದೆ.