ಅವರೇ ಎದ್ದು ನೀರು ತಗೊಳ್ಳಲಿ ಬಿಡಿ

"ನೀವು ಏಳಬೇಡಿ ಅತ್ತೆ, ಏನು ಬೇಕು ಹೇಳಿ, ನಾನೇ ತಂದುಕೊಡ್ತೀನಿ." ಎಪ್ಪತ್ತು ದಾಟಿದ ಹಿರಿಯರಿರುವ ಮನೆಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತು ಇದು. ನೀರಿನ ಲೋಟ ಕೈಗೇ ಬರುತ್ತದೆ. ತಟ್ಟೆ ಕೂತಲ್ಲಿಗೇ ಬರುತ್ತದೆ. ಪೂಜೆಗೆ ಹೂವು ಕಿತ್ತು ತರುವ ಕೆಲಸ ಮೊಮ್ಮಗಳ ಪಾಲಾಗುತ್ತದೆ. ಇದರಲ್ಲಿ ಪ್ರೀತಿ ಇದೆ, ಗೌರವವೂ ಇದೆ. ಇಷ್ಟು ವರ್ಷ ದುಡಿದಿದ್ದು ಸಾಕು, ಇನ್ನಾದರೂ ಕೃಷ್ಣಾ ರಾಮಾ ಅಂತ ಆರಾಮಾಗಿ ಕೂತಿರಲಿ ಎಂಬ ಆಸೆ ಇದೆ. ಆದರೆ ಕಾಲಿನ ಮಾಂಸಖಂಡಗಳಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಇವತ್ತು ತಮ್ಮ ಮೇಲೆ ಭಾರ ಬಿತ್ತೋ ಇಲ್ಲವೋ, ಅಷ್ಟು ಮಾತ್ರ ಅವಕ್ಕೆ ಗೊತ್ತಾಗುತ್ತದೆ. ನಮ್ಮ ಹಿರಿಯರಿಗೆ ಕಡಿಮೆ ಬೀಳುತ್ತಿರುವುದು ವಿಶ್ರಾಂತಿ ಅಲ್ಲ, ಕೆಲಸ. ಈ ಮಾತನ್ನು ಅವರಿಗಿಂತ ಮೊದಲು ಮನೆಯ ಉಳಿದವರು ಕೇಳಿಸಿಕೊಳ್ಳಬೇಕು ಎಂಬುದು ನನ್ನ ಆಸೆ.

ಭಾರ ಬೀಳದಿದ್ದರೆ ಏನಾಗುತ್ತದೆ? 2007ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ನೇರವಾಗಿ ಅಳೆದು ನೋಡಿದರು. ಸರಾಸರಿ 67 ವರ್ಷದ, ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಊಟಕ್ಕೆ ಕೊರತೆ ಇರಲಿಲ್ಲ. ಹತ್ತನೇ ದಿನದ ಹೊತ್ತಿಗೆ ಅವರ ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೋ ಮಾಂಸಖಂಡ ಕರಗಿತ್ತು. ಇವರೆಲ್ಲ ಗಟ್ಟಿಮುಟ್ಟಾದವರು ಎಂಬುದನ್ನು ಮರೆಯಬೇಡಿ. ಜ್ವರಕ್ಕೋ ಆಪರೇಷನ್‌ಗೋ ಅಂತ ಹದಿನೈದು ದಿನ ಮಲಗಿದ ಅಜ್ಜ, ಜ್ವರ ಬಿಟ್ಟ ಮೇಲೂ ಮೊದಲಿನ ಹಾಗೆ ಓಡಾಡದೇ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. "ಆ ಜ್ವರ ಅವರನ್ನ ಹಣ್ಣು ಮಾಡಿಬಿಡ್ತು" ಅನ್ನುತ್ತೇವೆ. ಅದರಲ್ಲಿ ಹಾಸಿಗೆಯ ಪಾಲೂ ದೊಡ್ಡದೇ ಇರುತ್ತದೆ.

ಇನ್ನು ಇದರ ಉಲ್ಟಾ ಕಥೆ. 1990ರಲ್ಲಿ ಬೋಸ್ಟನ್‌ನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಹತ್ತು ಜನರನ್ನು ಆರಿಸಿಕೊಂಡರು. ಸರಾಸರಿ ವಯಸ್ಸು 90. ಮೈಯಲ್ಲಿ ಕಸುವಿಲ್ಲದವರು, ಒಬ್ಬೊಬ್ಬರಿಗೂ ಹಲವು ಕಾಯಿಲೆ. ಅಂಥವರ ಕೈಯಲ್ಲಿ ವಾರಕ್ಕೆ ಮೂರು ದಿನ, ಎಂಟು ವಾರ, ಕಾಲಿಗೆ ತೂಕ ಹಾಕಿ ಎತ್ತಿಸಿದರು. ನೆಪಕ್ಕೆ ಕೊಟ್ಟ ತೂಕವಲ್ಲ. ಅವರು ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ತೂಕದ ಶೇ. 80ರವರೆಗೆ ಏರಿಸಿದರು. ತೊಂಬತ್ತರ ಅಜ್ಜಿಗೆ ಭಾರ ಎತ್ತಿಸುವುದು ಆ ಕಾಲಕ್ಕೆ ಹುಚ್ಚು ಧೈರ್ಯ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಒಬ್ಬರು ನಡುವೆ ಬಿಟ್ಟರು, ಒಂಬತ್ತು ಜನ ಮುಗಿಸಿದರು. ಅವರ ಕಾಲಿನ ಶಕ್ತಿ ಸರಾಸರಿ ಶೇ. 174 ಹೆಚ್ಚಾಗಿತ್ತು. ಅಂದರೆ ಮೊದಲಿದ್ದದ್ದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಇಬ್ಬರು ಊರುಗೋಲು ಬಿಟ್ಟು ನಡೆದರು.

ಇದೇ ಅಧ್ಯಯನದ ಇನ್ನೊಂದು ಅಂಕಿ ನನಗೆ ಇನ್ನೂ ಇಷ್ಟ. ತೊಡೆಯ ಮಾಂಸಖಂಡವನ್ನು ಸ್ಕ್ಯಾನ್ ಮಾಡಿ ಅಳೆದಾಗ ಅದು ದಪ್ಪಗಾಗಿದ್ದು ಬರೀ ಶೇ. 9. ಶಕ್ತಿ ಅಷ್ಟೊಂದು ಏರಿತು, ಗಾತ್ರ ಇಷ್ಟೇ ಇಷ್ಟು. ಹಾಗಾದರೆ ಉಳಿದ ಶಕ್ತಿ ಎಲ್ಲಿಂದ ಬಂತು? ಬಹುಪಾಲು ನರಗಳಿಂದ. ಮಾಂಸಖಂಡ ತಾನಾಗಿ ಏನೂ ಮಾಡುವುದಿಲ್ಲ. ಮಿದುಳಿನಿಂದ, ಬೆನ್ನುಹುರಿಯಿಂದ ಆಜ್ಞೆ ಬಂದರೆ ಮಾತ್ರ ಅದರ ಎಳೆಗಳು ಬಿಗಿಯುತ್ತವೆ. ವರ್ಷಗಟ್ಟಲೆ ಕೂತೇ ಇದ್ದವರಲ್ಲಿ ಈ ಆಜ್ಞೆ ಎಲ್ಲ ಎಳೆಗಳಿಗೂ ತಲುಪುವುದಿಲ್ಲ, ತಲುಪಿದರೂ ಒಟ್ಟಿಗೆ ತಲುಪುವುದಿಲ್ಲ. ಭಾರ ಎತ್ತುತ್ತಾ ಹೋದ ಹಾಗೆ ನರವ್ಯವಸ್ಥೆ ಇದನ್ನು ಮತ್ತೆ ಕಲಿಯುತ್ತದೆ. ಈ ಕಲಿಕೆ ಕೆಲವೇ ವಾರಗಳಲ್ಲಿ ಆಗುತ್ತದೆ, ತೊಂಬತ್ತರಲ್ಲೂ ಆಗುತ್ತದೆ. ಮಾಂಸ ಬೆಳೆಯುವುದು ಅದರ ಹಿಂದೆ, ನಿಧಾನಕ್ಕೆ. ಆದರೆ ನಿಲ್ಲಿಸಿದರೆ ನಷ್ಟವೂ ಬೇಗ. ವ್ಯಾಯಾಮ ಬಿಟ್ಟು ನಾಲ್ಕೇ ವಾರಕ್ಕೆ ಅವರ ಗರಿಷ್ಠ ಶಕ್ತಿಯಲ್ಲಿ ಶೇ. 32 ಇಳಿದಿತ್ತು.

ನಾಲ್ಕು ವರ್ಷದ ಮೇಲೆ ಅದೇ ತಂಡ ನೂರು ಜನರ ಮೇಲೆ ಇನ್ನೊಂದು ಅಧ್ಯಯನ ಮಾಡಿತು. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಶಕ್ತಿ ಹತ್ತು ವಾರದಲ್ಲಿ ದುಪ್ಪಟ್ಟಾಯಿತು, ಅವರ ನಡಿಗೆಯ ವೇಗವೂ ಏರಿತು. ಬರೀ ಪಾನೀಯ ಕುಡಿದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಡಬ್ಬಿ ಪುಡಿಗೆ ತಿಂಗಳು ತಿಂಗಳು ದುಡ್ಡು ಸುರಿಯುವ ಮನೆಗಳು ಇದನ್ನು ಗಮನಿಸಬೇಕು.

ವಯಸ್ಸಿನ ಪಾತ್ರವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಐವತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇ. 1ರಿಂದ 2ರಷ್ಟು ಮಾಂಸಖಂಡ ಕರಗುತ್ತದೆ. ಶಕ್ತಿ ಅದಕ್ಕಿಂತ ಬೇಗ ಇಳಿಯುತ್ತದೆ, ಚುರುಕುತನ ಇನ್ನೂ ಬೇಗ. ಕಾರಣ ಇದೆ. ನಮ್ಮಲ್ಲಿ ನಿಧಾನವಾಗಿ ಕೆಲಸ ಮಾಡುವ ಎಳೆಗಳೂ ಇವೆ, ಥಟ್ಟನೆ ಬಿಗಿಯುವ ಎಳೆಗಳೂ ಇವೆ. ವಯಸ್ಸಾದಂತೆ ಮಾಂಸಖಂಡಕ್ಕೆ ಹೋಗುವ ಕೆಲವು ನರಕೋಶಗಳು ಸಾಯುತ್ತವೆ. ತಾಯಿ ಹೋದ ಮಗುವನ್ನು ಪಕ್ಕದ ಮನೆಯವರು ಸಾಕಿದ ಹಾಗೆ, ಆ ಎಳೆಗಳಲ್ಲಿ ಕೆಲವನ್ನು ಪಕ್ಕದ ನರಕೋಶ ತನ್ನದಾಗಿಸಿಕೊಳ್ಳುತ್ತದೆ. ಆದರೆ ಸಾಮಾನ್ಯವಾಗಿ ಅದು ನಿಧಾನದ ಜಾತಿಯ ನರಕೋಶ. ಹಾಗಾಗಿ ಸಾಕಿಸಿಕೊಂಡ ಎಳೆಯೂ ನಿಧಾನವಾಗುತ್ತದೆ. ಯಾರಿಗೂ ಸಿಗದೆ ಉಳಿದ ಎಳೆಗಳು ಕರಗಿಹೋಗುತ್ತವೆ. ಹೊಸ್ತಿಲು ಎಡವಿದಾಗ ಇನ್ನೊಂದು ಕಾಲನ್ನು ಥಟ್ಟನೆ ಮುಂದಿಟ್ಟು ಸಾವರಿಸಿಕೊಳ್ಳಬೇಕಲ್ವಾ? ಅದಕ್ಕೆ ಬೇಕಾಗುವುದು ಆ ಚುರುಕು ಎಳೆಗಳೇ.

ಬೀಳುವುದು ಸಣ್ಣ ವಿಷಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅದರಲ್ಲಿ ಹೆಚ್ಚಿನವರು ಹಿರಿಯರು. ಮೂಳೆ ಮುರಿಯದಿದ್ದರೂ ಇನ್ನೊಂದು ಪೆಟ್ಟು ಬೀಳುತ್ತದೆ, ಅದು ಮನಸ್ಸಿಗೆ. ಒಮ್ಮೆ ಬಿದ್ದವರು ಮತ್ತೆ ಬೀಳುತ್ತೇನೆಂಬ ಭಯಕ್ಕೆ ಅಂಗಡಿಗೆ ಹೋಗುವುದನ್ನು ಬಿಡುತ್ತಾರೆ. ಆಮೇಲೆ ದೇವಸ್ಥಾನ, ಆಮೇಲೆ ಮದುವೆಮನೆ. ನಡೆಯುವಾಗ ಕಣ್ಣು ನೆಲದ ಮೇಲೇ, ಹೆಜ್ಜೆ ಪುಟ್ಟ ಪುಟ್ಟದು, ಮೈಯೆಲ್ಲ ಬಿಗಿ. ಓಡಾಟ ಕಡಿಮೆಯಾದಷ್ಟೂ ಕಾಲು ಸೋಲುತ್ತದೆ, ಕಾಲು ಸೋತಷ್ಟೂ ಬೀಳುವ ಅಪಾಯ ನಿಜವಾಗಿಯೂ ಹೆಚ್ಚುತ್ತದೆ. ಸಿಡ್ನಿಯಲ್ಲಿ 70ರಿಂದ 90 ವರ್ಷದ 500 ಜನರನ್ನು ಪರೀಕ್ಷಿಸಿದ ಕಿಮ್ ಡೆಲ್‌ಬೇರ್ ಮತ್ತು ಸಂಗಡಿಗರು 2010ರಲ್ಲಿ ಒಂದು ಮುಖ್ಯ ಸಂಗತಿ ಹೇಳಿದರು. ಸುಮಾರು ಮೂರರಲ್ಲಿ ಒಬ್ಬರಿಗೆ ಅವರ ಭಯಕ್ಕೂ ದೇಹದ ನಿಜವಾದ ಅಪಾಯಕ್ಕೂ ತಾಳೆಯೇ ಇರಲಿಲ್ಲ. ಕೆಲವರ ಕಾಲು ಗಟ್ಟಿ ಇತ್ತು, ಭಯ ಜಾಸ್ತಿ ಇತ್ತು. ಇನ್ನು ಕೆಲವರ ಕಾಲು ಸೋತಿತ್ತು, ಭಯ ಇರಲಿಲ್ಲ. ಆ ಭಯವಿಲ್ಲದವರು ದಿನವೂ ಚಟುವಟಿಕೆಯಿಂದಿದ್ದರು, ಅದು ಅವರಿಗೆ ರಕ್ಷಣೆಯನ್ನೂ ಕೊಟ್ಟಿತ್ತು. "ಹುಷಾರು, ಬಿದ್ದೀರಿ" ಅಂತ ಬೆನ್ನ ಹಿಂದೆ ದಿನವಿಡೀ ಹೇಳುವುದಕ್ಕೂ ಬೆಲೆ ತೆರಬೇಕಾಗುತ್ತದೆ ಅಂತ ನನಗೆ ಅನ್ನಿಸುವುದು ಇದಕ್ಕೇ.

"ನಾನು ದಿನಾ ವಾಕಿಂಗ್ ಹೋಗ್ತೀನಲ್ಲ, ಅಷ್ಟು ಸಾಕು" ಅನ್ನುವವರು ಬಹಳ. ಲಾಲ್‌ಬಾಗ್‌ನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಬೆಳಗ್ಗೆ ನಡೆಯುವ ಹಿರಿಯರನ್ನು ನೋಡಿದರೆ ಖುಷಿಯಾಗುತ್ತದೆ. ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ಅದು ಒಳ್ಳೆಯದೇ. ಆದರೆ ಸಮತಟ್ಟು ದಾರಿಯಲ್ಲಿ ನಡೆಯುವುದರಿಂದ ಕಾಲಿನ ಶಕ್ತಿ ಹೆಚ್ಚೇನೂ ಬೆಳೆಯುವುದಿಲ್ಲ, ಸಮತೋಲಕ್ಕೂ ಅಷ್ಟಾಗಿ ಸವಾಲು ಬೀಳುವುದಿಲ್ಲ. 2019ರಲ್ಲಿ ಕ್ಯಾಥರಿನ್ ಶೆರಿಂಗ್‌ಟನ್ ತಂಡ 108 ಪ್ರಯೋಗಗಳನ್ನು, ಒಟ್ಟು 23,407 ಜನರ ಮಾಹಿತಿಯನ್ನು ಸೇರಿಸಿ ನೋಡಿತು. ವ್ಯಾಯಾಮದಿಂದ ಬೀಳುವುದು ಒಟ್ಟಾರೆ ಶೇ. 23 ಕಡಿಮೆಯಾಗಿತ್ತು. ಸಮತೋಲದ ಅಭ್ಯಾಸ, ಕೂತು ಏಳುವಂಥ ದಿನನಿತ್ಯದ ಚಲನೆ, ಜೊತೆಗೆ ಶಕ್ತಿಯ ವ್ಯಾಯಾಮ ಸೇರಿದಾಗ ಶೇ. 34. ಬರೀ ನಡಿಗೆಯಿಂದ ಬೀಳುವುದು ತಪ್ಪುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ವಾಕಿಂಗ್ ಬಿಡಬೇಡಿ, ಅದರ ಜೊತೆಗೆ ಇನ್ನೆರಡು ಸೇರಿಸಿಕೊಳ್ಳಿ.

ಮೊದಲನೆಯದು ಕುರ್ಚಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಜಾರುತ್ತದೆ. ಗಟ್ಟಿಯಾದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಸಿ ಇಡಿ. ತುದಿಗೆ ಸರಿದು ಕೂತು, ಪಾದಗಳನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮುಂದೆ ಬಾಗಿ ಎದ್ದು ನಿಲ್ಲಿ. ಮತ್ತೆ ಕೂರುವಾಗ ಧೊಪ್ಪನೆ ಕೂರಬೇಡಿ, ನಿಧಾನವಾಗಿ ಇಳಿಯಿರಿ. ಇಳಿಯುವಾಗಲೇ ತೊಡೆಗೆ ಒಳ್ಳೆಯ ಕೆಲಸ ಆಗುವುದು. ಮೊದಮೊದಲು ಕೈ ಊರಿ ಎದ್ದರೂ ಪರವಾಗಿಲ್ಲ. ಎಂಟೋ ಹತ್ತೋ ಸಲ ಎದ್ದು ಕೂರುವಷ್ಟರಲ್ಲಿ ತೊಡೆಗೆ ಆಯಾಸ ಅನ್ನಿಸಬೇಕು. ಅದು ಸುಲಭವಾದ ಮೇಲೆ ಕೈ ಕಟ್ಟಿಕೊಂಡು ಏಳಿ, ಆಮೇಲೆ ಎದೆಗೆ ಒಂದು ಚಿಕ್ಕ ಅಕ್ಕಿ ಚೀಲ ಅವಚಿಕೊಂಡು ಏಳಿ. ನಿಮ್ಮ ಮಟ್ಟ ತಿಳಿಯಬೇಕೇ? ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರಿ ಎಂದು ಎಣಿಸಿ. 70ರಿಂದ 74ರ ಗಂಡಸರಿಗೆ 12, ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಕಾಲಿನ ಶಕ್ತಿ ಆ ವಯಸ್ಸಿನ ಸರಾಸರಿಗಿಂತ ಕೆಳಗಿದೆ ಎಂದು ಅರ್ಥ. ಅದೇ ಅಂಕಿಯನ್ನು ಎರಡು ತಿಂಗಳ ಮೇಲೆ ಮತ್ತೆ ನೋಡಿ. ಏರಿದ್ದು ಕಂಡಾಗ ಬರುವ ಧೈರ್ಯವನ್ನು ಬೇರೆ ಯಾರೂ ಬಾಯಿಮಾತಿನಲ್ಲಿ ಕೊಡಲಾರರು.

ಎರಡನೆಯದು ಸಮತೋಲ. ಕಣ್ಣು, ಒಳಕಿವಿ, ಪಾದದ ಸ್ಪರ್ಶ ಈ ಮೂರರಿಂದ ಬರುವ ಸುದ್ದಿಯನ್ನು ಮಿದುಳು ಒಟ್ಟು ಸೇರಿಸಿ ನಮ್ಮನ್ನು ನಿಲ್ಲಿಸುತ್ತದೆ. ಬಹುಕಾಲದ ಶುಗರ್ ಪಾದದ ಸುದ್ದಿಯನ್ನು ಮಂಕು ಮಾಡುತ್ತದೆ, ಕಣ್ಣಿನ ಪೊರೆ ಕಣ್ಣಿನ ಸುದ್ದಿಯನ್ನು. ಅಡುಗೆಮನೆ ಕಟ್ಟೆ ಹಿಡಿದು ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲಿ. ಆಮೇಲೆ ಒಂಟಿ ಕಾಲಲ್ಲಿ, ಕೈಯನ್ನು ಕಟ್ಟೆಯಿಂದ ಒಂದಿಷ್ಟೇ ಎತ್ತಿ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಜನರಿಗೆ ಹತ್ತು ಸೆಕೆಂಡ್ ಒಂಟಿ ಕಾಲಲ್ಲಿ ನಿಲ್ಲಲು ಹೇಳಿದಾಗ ಐವರಲ್ಲಿ ಒಬ್ಬರಿಗೆ ಆಗಲಿಲ್ಲ. ಸ್ವೀಡನ್ನಿನ ಒಂದು ಅಧ್ಯಯನ ಇನ್ನೂ ಸರಳ. ಹಿರಿಯರ ಜೊತೆ ನಡೆಯುತ್ತಾ ಮಾತಿಗೆಳೆದರು. ಉತ್ತರ ಕೊಡಲು 12 ಜನ ನಡಿಗೆ ನಿಲ್ಲಿಸಿದರು. ಆರು ತಿಂಗಳೊಳಗೆ ಅವರಲ್ಲಿ 10 ಜನ ಬಿದ್ದಿದ್ದರು. ನಡೆಯುವುದಕ್ಕೇ ಪೂರ್ತಿ ಗಮನ ಬೇಕಾಗಿದ್ದರೆ ಇನ್ನೊಂದು ಕೆಲಸಕ್ಕೆ ಜಾಗವಿರುವುದಿಲ್ಲ. ನಿಮ್ಮ ಅಪ್ಪನ ಜೊತೆ ನಡೆಯುವಾಗ ಇದನ್ನು ನೀವೂ ಗಮನಿಸಬಹುದು.

ಮಂಡಿನೋವು ಇರುವವರು ಇದನ್ನೆಲ್ಲ ಓದಿ ಹಿಂಜರಿಯುವುದು ಸಹಜ. ಸವೆದ ಮಂಡಿಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ನಿಜ ಹೇಳಬೇಕೆಂದರೆ ತೊಡೆಯ ಮುಂಭಾಗ ಬಲವಾದರೆ ಮಂಡಿನೋವು ಕಡಿಮೆಯಾಗುತ್ತದೆ, ವೈದ್ಯಕೀಯ ಮಾರ್ಗಸೂಚಿಗಳು ಮೊದಲು ಹೇಳುವ ಚಿಕಿತ್ಸೆಗಳಲ್ಲಿ ವ್ಯಾಯಾಮವೂ ಒಂದು. ಕುಕ್ಕರುಗಾಲಲ್ಲಿ ಕೂರಲು ಆಗದಿದ್ದರೆ ಬೇಡ. ಎತ್ತರದ ಕುರ್ಚಿಯಿಂದ ಶುರು ಮಾಡಿ. ಎದೆನೋವು, ತಲೆಸುತ್ತು, ಇತ್ತೀಚಿನ ಆಪರೇಷನ್ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ನಿದ್ದೆ ಮಾತ್ರೆ, ಬಿಪಿ ಮಾತ್ರೆಗಳಿಂದಲೂ ತೂರಾಟ ಬರಬಹುದು, ಅದನ್ನೂ ಕೇಳಿ.

ಊಟದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರಾತ್ರಿ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಸಾಕು ಅನ್ನುವ ಹಿರಿಯರಿಗೆ ಪ್ರೋಟೀನ್ ಸಾಲುತ್ತಿಲ್ಲ. ವಯಸ್ಸಾದ ಮಾಂಸಖಂಡ ಅದೇ ಪ್ರೋಟೀನಿಗೆ ಮೊದಲಿನಷ್ಟು ಸ್ಪಂದಿಸುವುದಿಲ್ಲ, ಹಾಗಾಗಿ ಹೆಚ್ಚು ಬೇಕು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಎಂಬುದು ತಜ್ಞರ ಸಲಹೆ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ. ಹುರುಳಿಕಾಳಿನ ಸಾರು, ಹೆಸರುಕಾಳಿನ ಉಸಲಿ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಮೂರು ಹೊತ್ತಿನ ಊಟದಲ್ಲೂ ಇಂಥದ್ದು ಒಂದಾದರೂ ಇರಲಿ.

ಕೊನೆಯದು, ಬಿದ್ದರೆ ಏಳುವುದು ಹೇಗೆ ಎಂಬುದು. ಇದನ್ನು ನಮ್ಮಲ್ಲಿ ಯಾರೂ ಕಲಿಸುವುದೇ ಇಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ತೊಂಬತ್ತು ದಾಟಿದವರನ್ನು ಒಂದು ವರ್ಷ ಗಮನಿಸಿದಾಗ, ಬಿದ್ದವರಲ್ಲಿ ಶೇ. 80 ಜನರಿಗೆ ಒಂದು ಸಲವಾದರೂ ತಾವಾಗಿ ಏಳಲು ಆಗಿರಲಿಲ್ಲ. ಶೇ. 30 ಜನ ಒಂದು ಗಂಟೆಯೋ ಅದಕ್ಕಿಂತ ಹೆಚ್ಚು ಹೊತ್ತೋ ನೆಲದ ಮೇಲೇ ಬಿದ್ದಿದ್ದರು. ಮಕ್ಕಳು ಅಮೆರಿಕದಲ್ಲೋ ಪುಣೆಯಲ್ಲೋ ಇದ್ದು, ಮೈಸೂರಿನ ಮನೆಯಲ್ಲಿ ಒಬ್ಬರೇ ಇರುವ ತಾಯಂದಿರ ವಿಷಯದಲ್ಲಿ ಇದು ತುಂಬಾ ಮುಖ್ಯ. ಹಗಲು ಹೊತ್ತು, ಜಮಖಾನೆ ಹಾಸಿ, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು ಅಭ್ಯಾಸ ಮಾಡಿ. ಮೊದಲು ಮಗ್ಗುಲಾಗಿ. ಮೊಣಕೈ ಊರಿ ಮೇಲೆದ್ದು, ಅಂಗೈ ಮತ್ತು ಮಂಡಿಯ ಮೇಲೆ ಬನ್ನಿ. ಅಂಬೆಗಾಲಿಟ್ಟು ಮಂಚದ ಅಥವಾ ಗಟ್ಟಿ ಕುರ್ಚಿಯ ಹತ್ತಿರ ಹೋಗಿ. ಎರಡೂ ಕೈ ಅದರ ಮೇಲಿಟ್ಟು, ಬಲವಾದ ಕಾಲಿನ ಪಾದವನ್ನು ಮುಂದೆ ನೆಲಕ್ಕೆ ಊರಿ, ಒತ್ತಿ ಎದ್ದು, ತಿರುಗಿ ಕೂರಿ. ನಿಜವಾಗಿ ಬಿದ್ದಾಗ ಮಾತ್ರ ತಕ್ಷಣ ಏಳಲು ಹೋಗಬೇಡಿ. ಒಂದು ನಿಮಿಷ ಹಾಗೇ ಇದ್ದು ಎಲ್ಲಿ ನೋವಿದೆ ನೋಡಿಕೊಳ್ಳಿ. ಸೊಂಟದಲ್ಲಿ ತೀವ್ರ ನೋವಿದ್ದರೆ, ಕಾಲು ಎತ್ತಲು ಬರದಿದ್ದರೆ ಅಲುಗಾಡದೆ ಯಾರನ್ನಾದರೂ ಕೂಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಅದಕ್ಕಾಗಿ ಫೋನನ್ನು ಮೇಜಿನ ಮೇಲೆ ಬಿಟ್ಟು ಓಡಾಡುವ ಬದಲು ಸೊಂಟದ ಚೀಲದಲ್ಲೋ ಕೊರಳಿನ ದಾರದಲ್ಲೋ ಇಟ್ಟುಕೊಳ್ಳಿ, ಬಾತ್‌ರೂಮಿಗೆ ಹೋಗುವಾಗಲೂ.